ತರಗತಿಯಲ್ಲೂ ಮನೆಯಲ್ಲೂ ನಗು ಮರೆತುಹೋಗಿದೆ. ನೀವು ಹೇಗೆ ಉಳಿಸಿಕೊಂಡಿದ್ದೀರಿ?

ಪ್ರಶ್ನೆ: ಶಿಕ್ಷಕಿ, ಬಸವನ ಬಾಗೇವಾಡಿ ತಾಲ್ಲೂಕು

ಗುರುಬಳಗದ ಎಲ್ಲರಿಗೂ ನಮಸ್ಕಾರಗಳು. ನಾನು 14 ವರ್ಷಗಳಿಂದ ನಮ್ಮ ತಾಲ್ಲೂಕಿನ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದೇನೆ. ಮನೆಯಲ್ಲಿ ಅತ್ತೆ, ಯಜಮಾನರು ಮತ್ತು ಇಬ್ಬರು ಮಕ್ಕಳಿದ್ದಾರೆ. ಕಳೆದ ವಾರ ನಡೆದ ಒಂದು ಸಣ್ಣ ಸಂಗತಿ ಮನಸ್ಸನ್ನು ಕೊರೆಯುತ್ತಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೂರನೆಯ ತರಗತಿಯ ಮಕ್ಕಳಿಗೆ ಕಳೆಯುವ ಲೆಕ್ಕ ಹೇಳಿಕೊಡುತ್ತಿದ್ದೆ. "ಬುಟ್ಟಿಯಲ್ಲಿ 10 ರೊಟ್ಟಿ ಇದ್ದವು, ಅದರಲ್ಲಿ 4 ರೊಟ್ಟಿ ತಿಂದಿರಿ, ಎಷ್ಟು ಉಳಿದವು?" ಎಂದು ಕೇಳಿದೆ. ಕೊನೆಯ ಸಾಲಿನ ಹುಡುಗನೊಬ್ಬ ಪಾಟಿಯನ್ನು ಎದೆಗೆ ಅವುಚಿಕೊಂಡು ಎದ್ದು ನಿಂತು, ಬಹಳ ಹೊತ್ತು ಯೋಚಿಸಿ, "ಪಲ್ಯಾ ಯಾವುದರೀ ಅಕ್ಕೋರ?" ಎಂದ. ತರಗತಿಗೆ ತರಗತಿಯೇ ನಕ್ಕಿತು. ನಾನು ಡಸ್ಟರನ್ನು ಮೇಜಿಗೆ ಬಡಿದು, ಬಾಯಿ ಮುಚ್ಚಿಕೊಂಡು ಕೂಡು ಎಂದು ಗದರಿದೆ. ಅವನು ಕುಳಿತವನು ಅಂಗಿಯ ತೋಳಿನಿಂದ ಪಾಟಿಯನ್ನು ಒರೆಸಿಕೊಂಡ. ಪಾಟಿಯ ಮೇಲೆ ಒರೆಸುವುದಕ್ಕೆ ಏನೂ ಇರಲಿಲ್ಲ.

ಅದೇ ರಾತ್ರಿ ರೊಟ್ಟಿ ಬಡಿಯುತ್ತಿದ್ದಾಗ ಆ ಪ್ರಶ್ನೆ ನೆನಪಾಗಿ ಒಬ್ಬಳೇ ನಕ್ಕೆ, ನಗುತ್ತಿದ್ದಂತೆಯೇ ಕಣ್ಣು ತುಂಬಿ ಬಂದವು. ಅವನು ಕೇಳಿದ್ದು ತಲೆಹರಟೆಯಲ್ಲ. ಪಲ್ಯ ಯಾವುದೆಂದು ತಿಳಿಯದೆ ರೊಟ್ಟಿಯ ಲೆಕ್ಕ ಹಾಕುವ ಹೆಂಗಸು ನಮ್ಮ ಓಣಿಯಲ್ಲಿಯೇ ಇಲ್ಲ. ಐದಾರು ವರ್ಷಗಳ ಹಿಂದೆ ಇದೇ ಮಾತನ್ನು ಕೇಳಿದ್ದರೆ ನಾನೇ ಎಲ್ಲರಿಗಿಂತ ಮೊದಲು ನಗುತ್ತಿದ್ದೆ, ಮಧ್ಯಾಹ್ನ ಊಟದ ಹೊತ್ತಿಗೆ ಸಹೋದ್ಯೋಗಿಗಳಿಗೂ ಹೇಳಿ ನಗಿಸುತ್ತಿದ್ದೆ.

ಈಗ ಬೆಳಿಗ್ಗೆ ಹಾಲು ಕುಡಿದವರೆಷ್ಟು, ಮಧ್ಯಾಹ್ನ ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣು ತೆಗೆದುಕೊಳ್ಳುವವರೆಷ್ಟು ಎಂದು ಬರೆದು, ಫೋಟೋ ತೆಗೆದು, ಮೊಬೈಲಿನಲ್ಲಿ ಏರಿಸುವಷ್ಟರಲ್ಲಿ ಮುಂದಿನ ಅವಧಿಯ ಗಂಟೆ ಬಾರಿಸಿರುತ್ತದೆ. ಮನೆಯಲ್ಲಿ ಆರು ವರ್ಷದ ಮಗಳು ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡು ಶಾಲೆಯ ಆಟ ಆಡುತ್ತಾಳೆ. ಮೊನ್ನೆ ಬಾಗಿಲ ಸಂದಿಯಿಂದ ನೋಡಿದೆ. ಆಕೆ ಡಬ್ಬಿಗಳಿಗೆ ಅ ಆ ಇ ಈ ಹೇಳಿಕೊಡಲಿಲ್ಲ, ಹಾಡು ಹೇಳಲಿಲ್ಲ. "ಯಾರೂ ಅಳ್ಳಾಡಬ್ಯಾಡ್ರಿ, ಫೋಟೋ ಹಾಕಬೇಕು" ಎಂದು ಹೇಳಿ, ಬಾಚಣಿಗೆಯನ್ನು ಮೊಬೈಲಿನಂತೆ ಹಿಡಿದುಕೊಂಡು ನಿಂತಿದ್ದಳು.

ದೇವರ ವಿಷಯದಲ್ಲಿಯೂ ಇದೇ ಗತಿಯಾಗಿದೆ. ಅತ್ತೆಯವರು ಇಬತ್ತಿ ಹಚ್ಚಿಕೊಂಡು ಲಿಂಗಪೂಜೆಗೆ ಕುಳಿತರೆ ಮನೆ ಬಿದ್ದರೂ ಕಣ್ಣು ತೆರೆಯುವುದಿಲ್ಲ. ನಾನು ಅವರ ಪಕ್ಕದಲ್ಲಿ ಕುಳಿತು ಕುಕ್ಕರಿನ ಶೀಟಿ ಎಣಿಸುತ್ತಿರುತ್ತೇನೆ.

ಸಕಾರಾತ್ಮಕವಾಗಿ ಯೋಚಿಸಿರಿ ಎಂಬ ಉಪದೇಶವನ್ನು ತರಬೇತಿಗಳಲ್ಲಿ ಸಾಕಷ್ಟು ಕೇಳಿದ್ದೇನೆ, ದಯವಿಟ್ಟು ಅದು ಬೇಡ. ದಿನನಿತ್ಯದ ಗದ್ದಲದೊಳಗೆ ನೀವು ನಗುವನ್ನು ಹೇಗೆ ಉಳಿಸಿಕೊಂಡಿದ್ದೀರಿ, ಮಕ್ಕಳಿಗೆ ನೋವಾಗದಂತೆ ತರಗತಿಯಲ್ಲಿ ನಗುವುದು ಹೇಗೆ, ನಾಳೆಯೂ ಶಾಲೆಗೆ ಹೋಗಬೇಕೆಂಬ ಭರವಸೆ ನಿಮಗೆ ಎಲ್ಲಿಂದ ಬರುತ್ತದೆ ಎಂಬುದನ್ನು ನಿಮ್ಮ ನಿಮ್ಮ ಅನುಭವದಿಂದ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 1: ನಿವೃತ್ತ ಮುಖ್ಯಗುರು, ಹುನಗುಂದ ತಾಲ್ಲೂಕು

ಶರಣು ಶರಣಾರ್ಥಿ, ತಂಗಿ. ಡಸ್ಟರ್ ಬಡಿದದ್ದಕ್ಕೆ ನೀವು ಇಷ್ಟು ನೊಂದಿದ್ದೀರಿ. ನಾನು ಅದಕ್ಕಿಂತ ಕೆಟ್ಟದ್ದನ್ನು ನಗುನಗುತ್ತಲೇ ಮಾಡಿದವನಾದ್ದರಿಂದ ಮೊದಲು ಅದನ್ನು ಹೇಳುತ್ತೇನೆ.

ನೌಕರಿಯ ಆರಂಭದ ವರ್ಷಗಳಲ್ಲಿ ನಾನು ಬಹಳ ನಗಿಸುವ ಮಾಸ್ತರನೆಂದು ಹೆಸರಾಗಿದ್ದೆ. ಎಮ್ಮೆ ಹಿಂಡಿ, ಹಾಲು ಹಾಕಿ ಬರುವ ಹುಡುಗನೊಬ್ಬ ದಿನವೂ ತಡವಾಗಿ ಬರುತ್ತಿದ್ದ. ಒಂದು ದಿನ ಅವನು ಬಾಗಿಲಲ್ಲಿ ನಿಂತಾಗ "ಬಾರಪಾ ಡೇರಿ, ಒಳಗ ಬಾ" ಎಂದೆ. ಎಲ್ಲರೂ ನಕ್ಕರು, ಅವನೂ ನಕ್ಕ, ನಾನು ಪಾಠ ಮುಂದುವರಿಸಿದೆ. ಇಪ್ಪತ್ತು ವರ್ಷಗಳ ಮೇಲೆ ಇಳಕಲ್ಲಿನ ಬಸ್ ನಿಲ್ದಾಣದಲ್ಲಿ ಒಬ್ಬ ದೊಡ್ಡ ಆಳು ಬಂದು ಕಾಲಿಗೆ ನಮಸ್ಕರಿಸಿದ. ಆಚೆಯಿಂದ ಅವನ ಗೆಳೆಯ "ಏ ಡೇರಿ, ಬಸ್ ಬಂತಲೇ" ಎಂದು ಕೂಗಿದ. ಅವನು ನಗುತ್ತ ಹೆಂಡತಿಯ ಕಡೆಗೆ ತಿರುಗಿ, "ನನಗ ಹೆಸರಿಟ್ಟವರು ಇವರ ನೋಡು" ಎಂದ. ತೊಟ್ಟಿಲಲ್ಲಿ ಹಾಕಿ ಹೆಸರಿಟ್ಟ ಸೋದರತ್ತೆಗೂ ಅಷ್ಟು ಗೌರವ ಸಿಕ್ಕಿರಲಿಕ್ಕಿಲ್ಲ. ಅವನು ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು. ಅಂದಿನಿಂದ ಮಗುವಿನ ಮಾತಿಗೆ ನಗಬಹುದು, ಮಗುವಿನ ಮೈಬಣ್ಣ, ಮನೆತನ, ಬಡತನ, ಮನೆಗೆಲಸ ಇವುಗಳಿಗೆ ನಗಬಾರದು ಎಂಬ ಒಂದು ಗೆರೆಯನ್ನು ಹಾಕಿಕೊಂಡೆ. ನಿಮ್ಮ ಹುಡುಗನ ಪಲ್ಯದ ಪ್ರಶ್ನೆ ಗೆರೆಯ ಈಚೆಗೇ ಇದೆ. ಅದಕ್ಕೆ ಮನಸಾರೆ ನಗಬಹುದಿತ್ತು.

ಇನ್ನು ಭರವಸೆಯ ಮಾತು. 2019ರ ಆಗಸ್ಟಿನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಮಲಪ್ರಭೆ ಉಕ್ಕಿ, ಪಟ್ಟದಕಲ್ಲಿನ ಗುಡಿಗಳೇ ನೀರಿನಲ್ಲಿ ನಿಂತಿದ್ದು ನಿಮಗೆ ನೆನಪಿರಬಹುದು. ಹೊಳೆದಂಡೆಯ ನಮ್ಮ ಶಾಲೆಯಲ್ಲಿ ಸೊಂಟಮಟ ನೀರು ನಿಂತಿತ್ತು. ನೀರು ಇಳಿದ ಮೇಲೆ ಸಲಿಕೆ, ಬುಟ್ಟಿ ಹಿಡಿದುಕೊಂಡು ಊರವರೂ ಮಕ್ಕಳೂ ಕೂಡಿ ಕೆಸರು ತೆಗೆಯಲು ಹೋದೆವು. ಕಪಾಟು ತೆರೆದು ನೋಡಿದರೆ ನಾನು ಶಾಯಿಯ ಪೆನ್ನಿನಿಂದ ಮುತ್ತಿನಂತೆ ಬರೆದಿಟ್ಟ ದಾಖಲಾತಿ, ಹಾಜರಿ, ಸಭೆಯ ನಡಾವಳಿ ಎಲ್ಲವೂ ನೀಲಿಯ ಕಲೆಯಾಗಿ ಹರಡಿಕೊಂಡಿದ್ದವು. ಅದೇ ಕಪಾಟಿನ ಕೆಳಗಿನ ಅರೆಯಲ್ಲಿ ತೊಯ್ದು ಮುದ್ದೆಯಾಗಿದ್ದ ಸಣ್ಣ ಮಕ್ಕಳ ನೋಟುಬುಕ್ಕುಗಳನ್ನು ಕಂಪೌಂಡ್ ಗೋಡೆಯ ಮೇಲೆ ಬಿಡಿಸಿ ಒಣಹಾಕಿದರೆ ಒಂದೊಂದು ಅಕ್ಷರವೂ ಹಾಗೆಯೇ ಇತ್ತು. ಪೆನ್ಸಿಲಿನ ಕಡ್ಡಿ ಗ್ರಾಫೈಟಿನದು, ನೀರಿನಲ್ಲಿ ಕರಗುವುದಿಲ್ಲ ಎಂದು ನಾನೇ ವಿಜ್ಞಾನದ ತಾಸಿನಲ್ಲಿ ಎಷ್ಟೋ ಸಲ ಹೇಳಿದ್ದೆ, ಕಣ್ಣಾರೆ ಕಂಡದ್ದು ಅಂದೇ.

ಆ ಹೊತ್ತಿನಲ್ಲಿ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಬಂದು, ಗಂಭೀರವಾಗಿ, "ಸರ, ನನ್ನ ಹೋಂವರ್ಕ್ ಹೊಳಿಗೆ ಹೋತ್ರೀ" ಎಂದಳು. ಎಮ್ಮೆ ತಿಂದಿತು, ತಮ್ಮ ಹರಿದ, ಆಯಿ ತೀರಿಕೊಂಡಳು (ಒಬ್ಬನ ಆಯಿ ಒಂದೇ ವರ್ಷದಲ್ಲಿ ಮೂರು ಸಲ ತೀರಿಕೊಂಡಿದ್ದಳು) ಎಂಬಂಥ ಸಬೂಬುಗಳನ್ನು ಮೂವತ್ತು ವರ್ಷ ಕೇಳಿದ ನನಗೆ, ಮೊದಲ ಸಲ ಒಂದು ಸಬೂಬು ಪೂರ್ತಿ ನಿಜವಾಗಿ ಎದುರಿಗೆ ನಿಂತಂತಾಯಿತು. ಸಲಿಕೆ ಹಿಡಿದವರೆಲ್ಲ ನಕ್ಕರು. ಮನೆ ಬಿದ್ದು ಕಾಳಜಿ ಕೇಂದ್ರದಲ್ಲಿ ಮಲಗುತ್ತಿದ್ದವರೂ ನಕ್ಕರು. ಸಂಜೆ ಗೋಡೆಯ ಮೇಲಿನ ಬುಕ್ಕುಗಳನ್ನು ಎತ್ತಿಡುವಾಗ ಆ ಹುಡುಗಿಯ ಬುಕ್ಕೂ ಸಿಕ್ಕಿತು. ಹಿಂದಿನ ದಿನದ ತನಕ ಪೆನ್ಸಿಲಿನಲ್ಲಿ ಬರೆದದ್ದೆಲ್ಲ ಸ್ಪಷ್ಟವಾಗಿತ್ತು. ಹೋಂವರ್ಕಿನ ಪುಟ ಮಾತ್ರ ಖಾಲಿ ಇತ್ತು. ನಾನು ಬುಕ್ಕು ಮುಚ್ಚಿ ಅವಳ ಕೈಗೆ ಕೊಟ್ಟೆ, ಅವಳು ನನ್ನ ಮುಖ ನೋಡಿದಳು, ಇಬ್ಬರೂ ಏನೂ ಮಾತನಾಡಲಿಲ್ಲ.

ಉತ್ತರ 2: ಅತಿಥಿ ಶಿಕ್ಷಕ, ಅಥಣಿ ತಾಲ್ಲೂಕು

ಹಿರಿಯರ ಮಾತು ಚೆನ್ನಾಗಿದೆ, ಆದರೆ ನನ್ನದೊಂದು ತಕರಾರು ಇದೆ. ಒಬ್ಬ ಶಿಕ್ಷಕಿ ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂಡಿಸಿಕೊಂಡು, ನಡುವೆ ಹತ್ತು ಬಗೆಯ ಮಾಹಿತಿ ತುಂಬಿ, ಮನೆಗೆ ಹೋಗಿ ರೊಟ್ಟಿ ಬಡಿಯುತ್ತಾರೆಂದರೆ ಅವರಿಗೆ ನಗು ಬಾರದಿರುವುದು ದೋಷವಲ್ಲ, ದಣಿವು. ದಣಿದವರಿಗೆ ಹಾಸ್ಯಪ್ರಜ್ಞೆ ಬೆಳೆಸಿಕೊಳ್ಳಿರಿ ಎಂದು ಹೇಳುವುದು, ನೀರಿಲ್ಲದ ಬಾವಿಗೆ ಹೊಸ ಹಗ್ಗ ಕೊಟ್ಟಂತೆ. ಮೊದಲು ಯಜಮಾನರಿಗೆ ರೊಟ್ಟಿ ಬಡಿಯಲು ಕಲಿಸಿರಿ. ತಮಾಷೆಗೆ ಹೇಳುತ್ತಿಲ್ಲ. ನಾನು ಕಲಿತಿದ್ದೇನೆ, ನನ್ನ ರೊಟ್ಟಿ ಭಾರತದ ನಕಾಶೆಯಂತೆ ಬರುತ್ತದೆ, ಆದರೂ ಮನೆಯಲ್ಲಿ ತಿನ್ನುತ್ತಾರೆ.

ನಮಗೆ ಬರುವ ಗೌರವಧನ ತಿಂಗಳುಗಟ್ಟಲೆ ತಡವಾಗುತ್ತದೆ. ಅದಕ್ಕೂ ನಗಬೇಕೆಂದರೆ ನನ್ನಿಂದಾಗುವುದಿಲ್ಲ. ಕೆಲವು ಸಂಗತಿಗಳಿಗೆ ಸಿಟ್ಟು ಬರುವುದೇ ಸರಿ.

ಉತ್ತರ 3: ಶಿಕ್ಷಕಿ, ಖಾನಾಪುರ ತಾಲ್ಲೂಕು (ಮೂಲ ಸಿಂದಗಿ ಕಡೆ)

ಅಕ್ಕನವರೇ, ನಿಮ್ಮ ಪತ್ರವನ್ನು ಓದಿ ನನ್ನದೊಂದು ಪ್ರಸಂಗ ನೆನಪಾಯಿತು. ನಾನು ಸಿಂದಗಿ ಕಡೆಯವಳು. ನಮ್ಮ ಮನೆಗಳಲ್ಲಿ ಆಯಿ ಎಂದರೆ ಅಜ್ಜಿ. ನೌಕರಿ ಸಿಕ್ಕು ಖಾನಾಪುರ ತಾಲ್ಲೂಕಿಗೆ ಬಂದಾಗ ತರಗತಿಯ ಅರ್ಧದಷ್ಟು ಮಕ್ಕಳ ಮನೆಮಾತು ಮರಾಠಿ. ಅವರಿಗೆ ಆಯಿ ಎಂದರೆ ತಾಯಿ. ಇದು ನನಗೆ ತಿಳಿಯದ ವಿಷಯವೇನೂ ಆಗಿರಲಿಲ್ಲ, ಆದರೆ ತಿಳಿದಿರುವುದು ಬೇಕಾದ ಹೊತ್ತಿಗೆ ನೆನಪಾಗಬೇಕಲ್ಲ. ಬಂದ ಎರಡನೆಯ ವಾರ ಪಾಲಕರ ಸಭೆ ಇತ್ತು. ಎರಡನೆಯ ತರಗತಿಯ ಬಾಲಕಿಯೊಬ್ಬಳನ್ನು ನಿಮ್ಮ ಮನೆಯಿಂದ ಯಾರು ಬಂದಿದ್ದಾರೆ ಎಂದು ಕೇಳಿದೆ. "ಯಾರೂ ಬಂದಿಲ್ಲ ಟೀಚರ್, ಆಯಿ ಹೆರಿಗೆಗೆ ಹೋಗ್ಯಾಳ" ಎಂದಳು. ಯಾರದೋ ಹೆರಿಗೆ ಮಾಡಿಸಲು ಹೋಗಿರಬೇಕೆಂದುಕೊಂಡು, "ಯಾರ ಹೆರಿಗೆ?" ಎಂದೆ. "ಆಯೀದೇ" ಎಂದಳು. ಅರವತ್ತು ದಾಟಿದ ಒಂದು ಮುದುಕಿಯನ್ನು ನನ್ನ ಕಣ್ಣು ಹೆರಿಗೆ ಕೋಣೆಯಲ್ಲಿ ಕಂಡಿತು. ಗಾಬರಿಯಿಂದ "ಈ ವಯಸ್ಸಿನಲ್ಲಿಯೇ?" ಎಂದುಬಿಟ್ಟೆ. ಆ ಮಗು ನನ್ನನ್ನು ಕರುಣೆಯಿಂದ ನೋಡಿ, "ಹಿಂದಿನ ವರ್ಷಾನೂ ಹೋಗಿದ್ಲು" ಎಂದಿತು. ಪಕ್ಕದಲ್ಲಿದ್ದ ಅಡುಗೆಯ ಅಮ್ಮ ಸೌಟು ಕೆಳಗಿಟ್ಟು ಗೋಡೆ ಹಿಡಿದುಕೊಂಡು ನಕ್ಕರು.

ಅಂದು ನಗೆಪಾಟಲಾದದ್ದು ನಾನು, ಮಗುವಲ್ಲ. ಅದರಿಂದ ನನಗೆ ಲಾಭವೇ ಆಯಿತು. ಮರಾಠಿ ಮಾತನಾಡುವ ಮಕ್ಕಳು ಕನ್ನಡದಲ್ಲಿ ತಪ್ಪಿದರೆ ಮುದುಡಿಕೊಳ್ಳುತ್ತಿದ್ದವರು, ಟೀಚರ್ ಕೂಡ ತಪ್ಪುತ್ತಾರೆ ಎಂಬುದು ಖಾತ್ರಿಯಾದ ಮೇಲೆ ಬಾಯಿ ಬಿಚ್ಚಿದರು. ಈಗ ವಾರಕ್ಕೊಮ್ಮೆ ಅವರು ನನಗೆ ಒಂದು ಮರಾಠಿ ಪದ ಕಲಿಸುತ್ತಾರೆ, ಪರೀಕ್ಷೆಯನ್ನೂ ಇಡುತ್ತಾರೆ, ಬಹಳ ಬಿಗಿಯಾಗಿ ಅಂಕ ಹಾಕುತ್ತಾರೆ.

ನಾನು ಒಂದು 200 ಪುಟದ ನೋಟುಬುಕ್ಕು ಇಟ್ಟುಕೊಂಡಿದ್ದೇನೆ. ಯಾವುದೇ ಮಗು ವಿಚಿತ್ರವಾದ ಉತ್ತರ ಕೊಟ್ಟರೆ ಹೆಸರು ಬರೆಯದೆ ಉತ್ತರವನ್ನು ಮಾತ್ರ ಬರೆದು, ಅದರ ಕೆಳಗೆ ಮಗು ಹಾಗೆ ಏಕೆ ಹೇಳಿರಬಹುದು ಎಂದು ಒಂದು ಸಾಲು ಬರೆಯುತ್ತೇನೆ. ಈ ಎರಡನೆಯ ಸಾಲೇ ಕಷ್ಟ. ಒಂದು ಮಗು 31ನ್ನು 13 ಎಂದು ಬರೆಯುತ್ತಿತ್ತು. ನಾಲ್ಕು ದಿನ ಯೋಚಿಸಿದ ಮೇಲೆ ಹೊಳೆಯಿತು: ಮರಾಠಿಯಲ್ಲಿ ಆ ಸಂಖ್ಯೆ ಏಕತೀಸ, ಅಂದರೆ ಒಂದು ಮೊದಲು, ಮೂವತ್ತು ಆಮೇಲೆ. ಮಗು ತನ್ನ ತಾಯಿಯ ಮಾತನ್ನು ಕೇಳಿಸಿಕೊಂಡ ಕ್ರಮದಲ್ಲಿಯೇ ಬರೆದಿತ್ತು. ಆ ಸಾಲನ್ನು ಬರೆದ ದಿನ ನನಗೆ ಸಂಬಳ ಹೆಚ್ಚಾದಷ್ಟು ಖುಷಿಯಾಯಿತು. ವಾಟ್ಸಾಪಿನಲ್ಲಿ ಮಕ್ಕಳ ಉತ್ತರಪತ್ರಿಕೆಯ ಫೋಟೋ ಹಾಕಿ ನಗುವ ಚಾಳಿ ಇದೆಯಲ್ಲ, ಅದು ಈ ಎರಡನೆಯ ಸಾಲಿಲ್ಲದ ನಗು. ನನಗೆ ಅದು ಸೇರುವುದಿಲ್ಲ.

ಹಾಗೆ ನೋಡಿದರೆ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿ ಎಂಬ ಕಲಿಕೆಯ ಪದ್ಧತಿಗೆ ಹೆಸರಿಟ್ಟವರು ನಲಿಯನ್ನು ಮೊದಲಿಟ್ಟು ಕಲಿಯನ್ನು ಆಮೇಲೆ ಇಟ್ಟಿದ್ದಾರೆ. ನಲಿದದ್ದಕ್ಕೆ ಮಾತ್ರ ಇನ್ನೂ ಯಾರೂ ನಮೂನೆ ಕಳಿಸಿಲ್ಲ. ಕಳಿಸುವುದೂ ಬೇಡ.

ಉತ್ತರ 4: ಶಿಕ್ಷಕ, ವಿಜಯಪುರ ಜಿಲ್ಲೆಯ ತಾಂಡಾ ಶಾಲೆ

ಗುರುಮಾತೆಯವರಿಗೆ ನಮಸ್ಕಾರ. ನೀವು ನಂಬಿಕೆಯ ಮಾತನ್ನೂ ಎತ್ತಿದ್ದೀರಿ, ಅದಕ್ಕೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತೇನೆ.

ನಮ್ಮ ತಾಂಡಾದಲ್ಲಿ ದೀಪಾವಳಿ ಮುಗಿಯುತ್ತಿದ್ದಂತೆ ಕಬ್ಬಿನ ಗ್ಯಾಂಗಿನ ಟ್ರ್ಯಾಕ್ಟರುಗಳು ಬರುತ್ತವೆ. ಪಾತ್ರೆ, ಕೌದಿ, ಕೋಳಿ, ಮಕ್ಕಳು ಎಲ್ಲವೂ ಟ್ರೇಲರನ್ನು ಏರುತ್ತವೆ. ಅಜ್ಜಿಯ ಹತ್ತಿರ ಬಿಟ್ಟು ಹೋಗಿರಿ ಎಂದು ಬೇಡಿಕೊಂಡರೆ ಕೆಲವರು ಕೇಳುತ್ತಾರೆ. ಸಣ್ಣ ಕೂಸನ್ನು ನೋಡಿಕೊಳ್ಳುವವರು ಯಾರು ಎಂದು ಕೇಳುವವರಿಗೆ ನನ್ನ ಬಳಿ ಉತ್ತರವಿಲ್ಲ. ಹೋದವರು ಕಾರ್ಖಾನೆಯ ಹಂಗಾಮು ಮುಗಿದ ಮೇಲೆ, ಮಾರ್ಚ್ ಹೊತ್ತಿಗೆ ತಿರುಗಿ ಬರುತ್ತಾರೆ. ಆ ನಾಲ್ಕೈದು ತಿಂಗಳು ನಾನು ಹಾಜರಿ ಕರೆಯುವಾಗ ಹೋದವರ ಹೆಸರನ್ನೂ ದಿನವೂ ಕೂಗುತ್ತೇನೆ. ಮೊದಮೊದಲು ಮಕ್ಕಳು "ಇಲ್ಲರೀ" ಎನ್ನುತ್ತಿದ್ದರು. ಕ್ರಮೇಣ ಎಲ್ಲರೂ ಒಟ್ಟಿಗೆ, ರಾಗವಾಗಿ, "ಕಬ್ಬಿಗೆ ಹೋಗ್ಯಾಳ್ರೀ" ಎನ್ನತೊಡಗಿದರು. ಅದು ನಮ್ಮ ಶಾಲೆಯ ಎರಡನೆಯ ಪ್ರಾರ್ಥನೆಯೇ ಆಗಿಬಿಟ್ಟಿದೆ. ಕಳೆದ ಮಾರ್ಚಿನಲ್ಲಿ ತಿರುಗಿ ಬಂದ ಹುಡುಗಿಯ ಹೆಸರು ಕರೆದಾಗ, ರೂಢಿಯ ಬಲದಿಂದ ತರಗತಿಯೆಲ್ಲ "ಕಬ್ಬಿಗೆ ಹೋಗ್ಯಾಳ್ರೀ" ಎಂದು ಹಾಡಿತು. ಆ ಹುಡುಗಿಯೂ ಅವರ ಜೊತೆಯಲ್ಲಿಯೇ ಹಾಡಿ, ಆಮೇಲೆ ಎಚ್ಚರವಾಗಿ "ಬಂದೀನ್ರೀ" ಎಂದು ಚೀರಿದಳು.

ಮಕ್ಕಳು ತಿರುಗಿ ಬಂದೇ ಬರುತ್ತಾರೆ ಎಂಬುದಕ್ಕೆ ನನಗೆ ಆಧಾರವೇನೂ ಇಲ್ಲ. ಬಾರದವರೂ ಇದ್ದಾರೆ. ಆದರೂ ಹೆಸರು ಕೂಗುತ್ತೇನೆ. ನನ್ನ ಪೂಜೆ ಅಷ್ಟೇ. ನಿಮ್ಮ ಅತ್ತೆಯವರ ಮಟ್ಟದ್ದಲ್ಲ.

ವಿಜಯಪುರದವನಾಗಿ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರನ್ನು ನೆನೆಯದೆ ಮುಗಿಸಲಾರೆ. ಅವರ ಬೆಳಗಿನ ಪ್ರವಚನಕ್ಕೆ ನಾನು ಸೈಕಲ್ ಹೊಡೆದುಕೊಂಡು ಹೋಗುತ್ತಿದ್ದೆ. ಸಾವಿರಾರು ಜನ ಸೇರಿದ್ದರೂ ಸದ್ದೇ ಇರುತ್ತಿರಲಿಲ್ಲ. ದನಿ ಏರಿಸದೆ, ಗಿಡ ಹಕ್ಕಿ ಹೊಲಗಳ ಮಾತು ತೆಗೆದು, ನಡುನಡುವೆ ಮೆಲ್ಲಗೆ ನಗಿಸುತ್ತಿದ್ದರು. 2018ರಲ್ಲಿ ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದವರು, 2023ರ ಜನವರಿ 2ರಂದು ಲಿಂಗೈಕ್ಯರಾದರು, ತಮಗೆ ಸ್ಮಾರಕ ಬೇಡ ಎಂದು ಮೊದಲೇ ಬರೆದಿಟ್ಟಿದ್ದರು. ಅವರ ಅಂಗಿಗೆ ಜೇಬಿರಲಿಲ್ಲ ಎಂದು ನಾನು ತರಗತಿಯಲ್ಲಿ ಭಕ್ತಿಯಿಂದ ವಿವರಿಸುತ್ತಿದ್ದಾಗ ಒಬ್ಬ ಹುಡುಗ ಕೈ ಎತ್ತಿ, "ಹಂಗಾರ ಪೆನ್ನ ಎಲ್ಲಿ ಇಡತಿದ್ರು ಸರ?" ಎಂದು ಕೇಳಿದ. ಇಷ್ಟು ವರ್ಷ ಪ್ರವಚನ ಕೇಳಿದ ನನಗೆ ಆ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ. ಸ್ವಾಮೀಜಿಯವರೇ ಇದ್ದಿದ್ದರೆ ಬಹಳ ಸಂತೋಷಪಡುತ್ತಿದ್ದರೆಂದು ನನ್ನ ಭಾವನೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಶರಣು. ಅಥಣಿಯ ಸಹೋದರರ ಮಾತನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಯಜಮಾನರು ಪೂರ್ತಿ ಕೇಳಿ, ಆತನ ಫೋನ್ ನಂಬರ್ ಇದೆಯೇ ಎಂದರು. ರೊಟ್ಟಿಗೆ ಇನ್ನೂ ಕೈ ಹಾಕಿಲ್ಲ, ಆದರೆ ಸಂಜೆ ಪಾತ್ರೆ ತೊಳೆಯುವುದು ಅವರ ಪಾಲಿಗೆ ಬಂದಿದೆ. ಪೂಜೆಯ ಹೊತ್ತಿಗೆ ಕುಕ್ಕರ್ ಇಡುವುದನ್ನು ಬಿಟ್ಟಿದ್ದೇನೆ. ಶೀಟಿ ಇಲ್ಲದಿದ್ದರೂ ಎಣಿಸುವ ಚಟ ಹೋಗಿಲ್ಲ.

ನೋಟುಬುಕ್ಕು ಕೊಂಡಿದ್ದೇನೆ. ಹುನಗುಂದದ ಗುರುಗಳ ಮಾತು ಕೇಳಿ ಪೆನ್ಸಿಲಿನಿಂದಲೇ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲಿ ಏನಿದೆ ಎಂಬುದನ್ನು ಹೇಳಿ ನಿಲ್ಲಿಸುತ್ತೇನೆ.

ಸೋಮವಾರ ಅದೇ ಲೆಕ್ಕವನ್ನು ಮತ್ತೆ ಹಲಗೆಯ ಮೇಲೆ ಬರೆದೆ. ಆ ಹುಡುಗನನ್ನು ಎಬ್ಬಿಸಿ, "ಮೊನ್ನೆ ನೀನು ಸರಿಯಾದುದನ್ನೇ ಕೇಳಿದ್ದೆ, ನಾನೇ ಹೇಳಲಿಲ್ಲ. ಪಲ್ಯ ಎಣಗಾಯಿ. ಈಗ ಹೇಳು" ಎಂದೆ. ಅವನು ಮೊದಲು ನನ್ನ ಕೈಯಲ್ಲಿ ಡಸ್ಟರ್ ಇದೆಯೇ ಎಂದು ನೋಡಿದ. ಇರಲಿಲ್ಲ. ಆಮೇಲೆ ಕುಳಿತು, ಪಾಟಿಗೆ ಮುಖ ಹಚ್ಚಿ ಬಹಳ ಹೊತ್ತು ಬರೆದು, ತಂದು ತೋರಿಸಿದ. ಪಾಟಿಯ ಮೇಲೆ ದೊಡ್ಡದೊಂದು ಸೊನ್ನೆ, ಅದರ ಕೆಳಗೆ ಮೂಲೆಯಲ್ಲಿ ಸಣ್ಣದಾಗಿ 6 ಇತ್ತು. ಇದೇನು ಎರಡು ಉತ್ತರ ಎಂದು ಕೇಳಿದೆ.

"ಎಣಗಾಯಿ ಇದ್ರ ನಾಕಕ್ಕ ಯಾರ ನಿಂದರ್ತಾರ್ರೀ?" ಎಂದ. ಆಮೇಲೆ 6ರ ಮೇಲೆ ಬೆರಳಿಟ್ಟು, "ಇದು ಪುಸ್ತಕಕ್ಕ ರೀ" ಎಂದ.